ಸೂಜಿಗಲ್ಲಿನ ಪುಡಿ, ಕಂಕುಳಿನ ಗಂಟು

(ಒಂದು ವಿಜ್ಞಾನ ಉಪನ್ಯಾಸದ ಬರಹ ರೂಪ)

ಚಿಕ್ಕವರಿದ್ದಾಗ ನೀವೂ ಈ ಆಟ ಆಡಿರುತ್ತೀರಿ. ಕೆಟ್ಟುಹೋದ ರೇಡಿಯೋದ ಸ್ಪೀಕರ್ ಒಡೆದು ಅಯಸ್ಕಾಂತ ತೆಗೆಯುವುದು, ಅದಕ್ಕೆ ದಾರ ಕಟ್ಟಿ ಬೀದಿಯ ಮರಳಿನಲ್ಲಿ ಎಳೆದುಕೊಂಡು ಓಡುವುದು. ನಾಲ್ಕು ಹೆಜ್ಜೆ ಹೋಗುವುದರೊಳಗೆ ಅಯಸ್ಕಾಂತಕ್ಕೆ ಕಪ್ಪು ಮೀಸೆ ಬಂದಿರುತ್ತಿತ್ತು. ಆ ಪುಡಿಯನ್ನು ಕಾಗದದ ಮೇಲೆ ಉದುರಿಸಿ ಕೆಳಗಿನಿಂದ ಅಯಸ್ಕಾಂತ ಆಡಿಸಿದರೆ ಎದ್ದು ಕುಣಿಯುತ್ತಿತ್ತು. ಅಜ್ಜಿ ಮಾತ್ರ "ಮೊದಲು ಕೈ ತೊಳ್ಕೊಂಡು ಬಾ" ಎನ್ನುತ್ತಿದ್ದರು.

ಆ ಕಪ್ಪು ಪುಡಿಯಲ್ಲಿ ಹೆಚ್ಚಿನದು ಮ್ಯಾಗ್ನಟೈಟ್. ಕಬ್ಬಿಣ, ಆಮ್ಲಜನಕ ಎರಡೇ ಸೇರಿ ಆದ ಅದಿರು. ಹಿರಿಯರು ಸೂಜಿಗಲ್ಲು ಎನ್ನುತ್ತಿದ್ದದ್ದು ಇದನ್ನೇ. ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಗುಡ್ಡ ಅಗೆದು ತೆಗೆದದ್ದೂ ಇದನ್ನೇ. ಇವತ್ತು ನಾನು ಮಾತಾಡಲು ಬಂದಿರುವುದು ಈ ಪುಡಿಯನ್ನು ಮೈಯೊಳಗೆ ಚುಚ್ಚುವ ವಿಚಾರ. ಸ್ತನ ಕ್ಯಾನ್ಸರ್ ಎಲ್ಲಿಯವರೆಗೆ ಹೋಗಿದೆ ಎಂದು ನೋಡಲು, ಜೊತೆಗೆ ಅದನ್ನು ಸುಡಲು ಕೂಡ.

ಈ ಸೀಸೆ ಮುಂದಿನ ಸಾಲಿನಿಂದ ಶುರುವಾಗಲಿ, ಒಬ್ಬರಿಂದ ಒಬ್ಬರಿಗೆ ದಾಟಿಸಿ. ಜೊತೆಗೆ ಈ ಅಯಸ್ಕಾಂತ. ಸೀಸೆಯಲ್ಲಿರುವುದು ಡಿಕಾಕ್ಷನ್ ಅಲ್ಲ. ನಮ್ಮ ಲ್ಯಾಬಿನಲ್ಲಿ ಮಾಡಿದ ಕಣಗಳು, ನೀರಿನಲ್ಲಿ ತೇಲುತ್ತಿವೆ. ಅಯಸ್ಕಾಂತ ಹತ್ತಿರ ಹಿಡಿದರೆ ಆ ಕಡೆ ಸರಿಯುತ್ತವೆ. ದೂರ ತೆಗೆದು ಸ್ವಲ್ಪ ಅಲ್ಲಾಡಿಸಿದರೆ ಮತ್ತೆ ಬೆರೆತುಬಿಡುತ್ತವೆ. ಮುಚ್ಚಳ ಮಾತ್ರ ತೆಗೆಯಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಗಾತ್ರ. ಒಂದು ಮೀಟರನ್ನು 100 ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ನಿಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಈ ಸೀಸೆಯ ಕಣಗಳು ಬರೀ 10ರಿಂದ 15. ಸಣ್ಣದಾದರೆ ಏನು ಲಾಭ? ಸೂಜಿಯಲ್ಲಿ ಸಲೀಸಾಗಿ ಹೋಗುತ್ತದೆ, ಅದು ಒಂದು. ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಇಷ್ಟು ಸಣ್ಣದಾದಾಗ ಕಬ್ಬಿಣದ ಗುಣವೇ ಬದಲಾಗುತ್ತದೆ.

ತೇರಿನ ದಿನ ನೆನಪು ಮಾಡಿಕೊಳ್ಳಿ. ಜಾತ್ರೆಯಲ್ಲಿ ಜನ ಅವರವರ ಪಾಡಿಗೆ ಇರುತ್ತಾರೆ. ಒಬ್ಬರು ಬಳೆ ಅಂಗಡಿ ಕಡೆ, ಇನ್ನೊಬ್ಬರು ಮಂಡಕ್ಕಿ ಕಡೆ. ತೇರು ಬಂತು ಎಂದ ಕೂಡಲೇ ಎಲ್ಲ ಮುಖ ಒಂದೇ ಕಡೆ ತಿರುಗುತ್ತದೆ. ತೇರು ದಾಟಿದ ಮೇಲೆ ಮತ್ತೆ ಅವರವರ ಪಾಡು. ನ್ಯಾನೋ ಕಣವೂ ಹೀಗೆಯೇ. ಹೊರಗಿನ ಅಯಸ್ಕಾಂತ ಇರುವಷ್ಟು ಹೊತ್ತು ಅದೂ ಬಲವಾದ ಅಯಸ್ಕಾಂತ. ಹೊರಗಿನದು ಹೋದರೆ ಇದರ ಕಾಂತತೆ ಕ್ಷಣದಲ್ಲಿ ಚದುರಿ ಸೊನ್ನೆಯಾಗುತ್ತದೆ. ಇದಕ್ಕೆ ಸೂಪರ್‌ಪ್ಯಾರಾಮ್ಯಾಗ್ನೆಟಿಸಂ ಎಂದು ಹೆಸರು. ದೊಡ್ಡ ಕಣವಾಗಿದ್ದರೆ ಒಮ್ಮೆ ಅಯಸ್ಕಾಂತವಾದದ್ದು ಹಾಗೇ ಉಳಿದು, ಒಂದಕ್ಕೊಂದು ಅಂಟಿ, ಮುದ್ದೆಯಾಗಿ ರಕ್ತನಾಳ ಕಟ್ಟಿಬಿಡುತ್ತಿತ್ತು. ಸಣ್ಣದಾದ್ದರಿಂದಲೇ ಇದನ್ನು ಚುಚ್ಚಲು ಧೈರ್ಯ.

ಮಾಡುವುದು ಕಷ್ಟವೇ ಅಲ್ಲ. ಎರಡು ಬಗೆಯ ಕಬ್ಬಿಣದ ಲವಣ ನೀರಿನಲ್ಲಿ ಕರಗಿಸಿ, ಕಲಕುತ್ತಾ ಅಮೋನಿಯ ಹಾಕಿದರೆ ಆಯಿತು. ಕಿತ್ತಳೆ ಬಣ್ಣದ ನೀರು ಕಣ್ಣೆದುರಿಗೇ ಕಪ್ಪಾಗುತ್ತದೆ. ಮೊದಲ ಸಲ ನೋಡಿದವರು ಚಪ್ಪಾಳೆ ತಟ್ಟುತ್ತಾರೆ. ಎಲ್ಲ ಕಣವೂ ಒಂದೇ ಅಳತೆಗೆ ಬರಬೇಕು ಎಂದರೆ ಮಾತ್ರ ತಲೆನೋವು. ಆಮೇಲೆ ಕಣಗಳಿಗೆ ಒಂದು ಅಂಗಿ ತೊಡಿಸಬೇಕು, ಇಲ್ಲದಿದ್ದರೆ ಗುಂಪುಗೂಡುತ್ತವೆ. ಬಹಳ ಕಡೆ ತೊಡಿಸುವುದು ಡೆಕ್ಸ್‌ಟ್ರಾನ್ ಎಂಬ ಸಕ್ಕರೆಯ ಅಂಟನ್ನು. ಈ ಅಂಟು ಮಾಡಿಕೊಡುವುದು ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯ. ಇದು ನಿಮಗೆ ಹೊಸಬನೇನಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಉಬ್ಬಿರುತ್ತದಲ್ಲ, ಆ ಕೆಲಸದಲ್ಲಿ ದೊಡ್ಡ ಪಾಲು ಇದರದ್ದೇ. ಒಂದು ಕಡೆ ಇಡ್ಲಿ, ಇನ್ನೊಂದು ಕಡೆ ಕ್ಯಾನ್ಸರ್ ಆಸ್ಪತ್ರೆ. ನನಗೆ ಈ ಸಂಗತಿ ಯಾವಾಗ ನೆನಪಾದರೂ ಖುಷಿಯಾಗುತ್ತದೆ.

ಇನ್ನು ಕಾಯಿಲೆಗೆ ಬರೋಣ. ಭಾರತದಲ್ಲಿ 2022ರಲ್ಲಿ ಸುಮಾರು 1,92,000 ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂದಿದೆ, ಸುಮಾರು 98,000 ಮಂದಿ ತೀರಿಕೊಂಡಿದ್ದಾರೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಅಂದಾಜು. ನಾನು ಅಂಕಿಗಳ ಮೇಲೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ನಮ್ಮ ಚಿಕ್ಕಮ್ಮನ ವಿಷಯ ಹೇಳುತ್ತೇನೆ.

ಚಿಕ್ಕಮ್ಮನಿಗೆ ಆಪರೇಷನ್ ಆಗಿ ಬಹಳ ವರ್ಷವಾಯಿತು. ಕ್ಯಾನ್ಸರ್ ಮತ್ತೆ ಬರಲಿಲ್ಲ. ಆದರೆ ಆ ಕಡೆಯ ಕೈ ಊದಿಕೊಂಡಿತು. ಇವತ್ತಿಗೂ ಆ ಕೈಗೆ ಬಳೆ ಏರುವುದಿಲ್ಲ, ರವಿಕೆಯ ತೋಳು ಬೇರೆ ಅಳತೆಗೆ ಹೊಲಿಸಬೇಕು. ಬಾವಿಯಿಂದ ನೀರು ಸೇದುವುದು ನಿಂತುಹೋಯಿತು. ಕ್ಯಾನ್ಸರ್ ಬಗ್ಗೆ ಅವರು ಮಾತೇ ಆಡುವುದಿಲ್ಲ. ಬೈಯುವುದು ಆ ಕೈಯನ್ನು.

ಕೈ ಯಾಕೆ ಊದಿತು? ಬರಿಗಾಲಲ್ಲಿ ನಡೆದು ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿಯಲ್ಲಿ ಗಡ್ಡೆ ಏಳುತ್ತದೆ. ಗೊತ್ತು ಅಲ್ವಾ? ಗಾಯ ಪಾದದಲ್ಲಿ, ಗಡ್ಡೆ ತೊಡೆಸಂದಿಯಲ್ಲಿ. ಮೈಯಲ್ಲಿ ರಕ್ತದ ಹಾಗೆ ಇನ್ನೊಂದು ತಿಳಿನೀರು ಹರಿಯುತ್ತದೆ, ಅದಕ್ಕೆ ದುಗ್ಧರಸ ಎನ್ನುತ್ತಾರೆ. ಅದರ ದಾರಿಯಲ್ಲಿ ಅಲ್ಲಲ್ಲಿ ಜರಡಿಗಳಿವೆ. ಅವೇ ದುಗ್ಧಗ್ರಂಥಿಗಳು, ಡಾಕ್ಟರ ಮಾತಿನಲ್ಲಿ ಲಿಂಫ್ ನೋಡ್. ಎದೆಯ ನೀರು ಮುಖ್ಯವಾಗಿ ಹರಿಯುವುದು ಕಂಕುಳಿನ ಜರಡಿಗಳಿಗೆ. ಎದೆಯ ಗಡ್ಡೆಯಿಂದ ಕ್ಯಾನ್ಸರ್ ಕೋಶ ಕಳಚಿಕೊಂಡರೆ ಸಾಮಾನ್ಯವಾಗಿ ಮೊದಲು ಸಿಕ್ಕಿಬೀಳುವುದೂ ಅಲ್ಲಿಯೇ. ಹಾಗಾಗಿ ಹಿಂದೆಲ್ಲ ಕಂಕುಳಿನ ಗ್ರಂಥಿಗಳನ್ನು ಸಾಲಾಗಿ ತೆಗೆದುಬಿಡುತ್ತಿದ್ದರು. ಜರಡಿ ಹೋದ ಮೇಲೆ ಕೈಯ ನೀರಿಗೆ ದಾರಿಯಿಲ್ಲ. ನೀರು ನಿಂತಿತು, ಕೈ ಊದಿತು. ಹಾಗೆ ಪೂರ್ತಿ ತೆಗೆಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೀಗಾಗುತ್ತದೆ.

1990ರ ದಶಕದಲ್ಲಿ ಒಂದು ಜಾಣ ಯೋಚನೆ ಬಂತು. ಕಂಕುಳಿನಲ್ಲಿ 20ರಿಂದ 30 ಗ್ರಂಥಿಗಳಿದ್ದರೂ ಗಡ್ಡೆಯಿಂದ ಹೊರಟ ನೀರು ಮೊದಲು ಮುಟ್ಟುವುದು ಒಂದೋ ಎರಡೋ ಗ್ರಂಥಿಯನ್ನು. ಊರ ಹೆಬ್ಬಾಗಿಲಿನ ಕಾವಲುಗಾರ ಇದ್ದ ಹಾಗೆ. ಅವನನ್ನು ಮಾತ್ರ ಹಿಡಿದು ವಿಚಾರಿಸಿದರೆ ಸಾಕಲ್ಲವೇ? ಕಾವಲು ಗ್ರಂಥಿಯಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಒಳಗಿನವರನ್ನು ಸುಮ್ನೆ ಯಾಕೆ ಎಬ್ಬಿಸಬೇಕು? ಅಮೆರಿಕ ಮತ್ತು ಕೆನಡಾದಲ್ಲಿ 5,611 ಹೆಂಗಸರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2010ರಲ್ಲಿ ಬಂತು. ಕಾವಲು ಗ್ರಂಥಿ ಶುದ್ಧವಾಗಿದ್ದು ಉಳಿದವನ್ನು ಬಿಟ್ಟವರೂ, ಎಲ್ಲ ತೆಗೆಸಿಕೊಂಡವರೂ ಬದುಕುಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೈ ಊದುವುದು ಮಾತ್ರ ಬಹಳ ಕಡಿಮೆಯಾಯಿತು.

ಆದರೆ ಕೊಬ್ಬಿನ ನಡುವೆ ಹುದುಗಿದ, ಅವರೆಕಾಳಿನಷ್ಟು ದೊಡ್ಡದಿರುವ ಆ ಕಾವಲುಗಾರನನ್ನು ಗುರುತಿಸುವುದು ಹೇಗೆ? ಎರಡು ಉಪಾಯ ಚಾಲ್ತಿಯಲ್ಲಿವೆ. ಒಂದು, ಎದೆಗೆ ನೀಲಿ ಬಣ್ಣ ಚುಚ್ಚುವುದು. ಅದು ಹರಿದು ಕಾವಲು ಗ್ರಂಥಿಯನ್ನು ನೀಲಿ ಮಾಡುತ್ತದೆ. ಅಗ್ಗ, ಆದರೆ ಕೊಯ್ದು ನೋಡುವವರೆಗೆ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಕೆಲವು ನೀಲಿ ಬಣ್ಣಗಳಿಂದ ಅಪರೂಪಕ್ಕೆ ಜೋರಾದ ಅಲರ್ಜಿಯೂ ಆಗುತ್ತದೆ. ಎರಡನೆಯದು ಟೆಕ್ನೀಷಿಯಂ ಎಂಬ ವಿಕಿರಣ ವಸ್ತು. ಚರ್ಮದ ಮೇಲಿನಿಂದಲೇ ಪತ್ತೆಯಾಗುತ್ತದೆ. ಆದರೆ ಪ್ರತಿ 6 ಗಂಟೆಗೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಆಪರೇಷನ್ ನಾಳೆಗೆ ಮುಂದೂಡಿದರೆ ಮದ್ದು ವ್ಯರ್ಥ. ಜೊತೆಗೆ ವಿಕಿರಣ ವಸ್ತು ಇಟ್ಟುಕೊಳ್ಳಲು ಪರವಾನಗಿ ಬೇಕು, ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಬೇಕು. ದೊಡ್ಡ ಊರಿನ ಆಸ್ಪತ್ರೆಗೆ ಸರಿ. ತಾಲ್ಲೂಕು ಊರಿನ ಸರ್ಜನ್ ಏನು ಮಾಡಬೇಕು?

ಇಲ್ಲಿಗೆ ನಮ್ಮ ಕಪ್ಪು ಪುಡಿ ಬರುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಭೌತವಿಜ್ಞಾನಿ ಕ್ವೆಂಟಿನ್ ಪ್ಯಾಂಕ್‌ಹರ್ಸ್ಟ್ ಮತ್ತು ಸಂಗಡಿಗರ ಕೆಲಸದಿಂದ ಎಂಡೋಮ್ಯಾಗ್ ಎಂಬ ಕಂಪನಿ ಹುಟ್ಟಿತು. ಅವರ ಉಪಾಯ ಇಷ್ಟೇ: ವಿಕಿರಣದ ಬದಲು ಸಕ್ಕರೆಯ ಅಂಗಿ ತೊಟ್ಟ ಕಬ್ಬಿಣದ ಕಣಗಳನ್ನು ಮೊಲೆತೊಟ್ಟಿನ ಸುತ್ತ ಚುಚ್ಚಿ, ಸ್ವಲ್ಪ ಹೊತ್ತು ತೀಡುವುದು. ಕಣಗಳು ದುಗ್ಧರಸದ ಜೊತೆ ಹೊರಟು ಕಾವಲು ಗ್ರಂಥಿಯಲ್ಲಿ ಕೂರುತ್ತವೆ. ಸರ್ಜನ್ ಕೈಯಲ್ಲಿ ದಪ್ಪ ಪೆನ್ನಿನಂಥ ಒಂದು ಕಡ್ಡಿ. ಅದು ಕಾಂತಕ್ಷೇತ್ರ ಹೊರಡಿಸುತ್ತದೆ, ತೇರಿನ ಹಾಗೆ. ಕಣಗಳು ಮುಖ ತಿರುಗಿಸಿದ್ದನ್ನು ಹಿಡಿಯುತ್ತದೆ. ಹತ್ತಿರ ಹೋದಷ್ಟೂ ಯಂತ್ರದ ಸದ್ದು ಏರುತ್ತದೆ. ಕೊಯ್ದು ನೋಡಿದರೆ ಗ್ರಂಥಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕಿವಿಗೂ ಕಣ್ಣಿಗೂ ಒಟ್ಟಿಗೇ ಸಾಕ್ಷಿ.

ಒಂದು ತಮಾಷೆ ಎಂದರೆ, ಆ ಹೊತ್ತಿನಲ್ಲಿ ಸರ್ಜನ್ ತನ್ನ ಸ್ಟೀಲ್ ಸಾಮಾನನ್ನೆಲ್ಲ ದೂರ ಇಡಬೇಕು. ಗಾಯವನ್ನು ಅಗಲಿಸಿ ಹಿಡಿಯುವ ಕೊಕ್ಕೆಯೂ ಪ್ಲಾಸ್ಟಿಕ್ಕಿನದೇ ಆಗಬೇಕು. ಇಲ್ಲದಿದ್ದರೆ ಕಡ್ಡಿ ಕೊಕ್ಕೆಯನ್ನೇ ಕಾವಲುಗಾರ ಅಂದುಕೊಂಡು ಕೂಗುತ್ತದೆ. ಜೀವಮಾನವಿಡೀ ಸ್ಟೀಲ್ ಹಿಡಿದ ಕೈಗೆ ಇದು ಸುಲಭವಲ್ಲ.

ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನಲ್ಲಿ 160 ಹೆಂಗಸರ ಮೇಲೆ ಇದರ ಪರೀಕ್ಷೆ ನಡೆಯಿತು. ಒಬ್ಬೊಬ್ಬರಿಗೂ ಹಳೆಯ ವಿಧಾನ, ಹೊಸ ವಿಧಾನ ಎರಡೂ. 2014ರಲ್ಲಿ ಬಂದ ಫಲಿತಾಂಶ: ಹಳೆಯದು 95 ಪ್ರತಿಶತ ಮಂದಿಯಲ್ಲಿ ಕಾವಲು ಗ್ರಂಥಿ ಪತ್ತೆಮಾಡಿತು, ಅಯಸ್ಕಾಂತ 94.4 ಪ್ರತಿಶತ. ಅಂದರೆ ಗೆದ್ದಿಲ್ಲ, ಸೋತೂ ಇಲ್ಲ. ಪತ್ರಿಕೆಗೆ ಇದು ಸುದ್ದಿಯೇ ಅಲ್ಲ. ನನಗೆ ಇದು ದೊಡ್ಡ ಸುದ್ದಿ. ವಿಕಿರಣ ಇಲ್ಲದೆ ಅಷ್ಟೇ ಕೆಲಸ ಆಯಿತಲ್ಲ! 2018ರಲ್ಲಿ ಅಮೆರಿಕದ ಔಷಧ ಇಲಾಖೆಯೂ ಒಪ್ಪಿಗೆ ಕೊಟ್ಟಿತು.

ಸ್ವೀಡನ್ನಿನವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೆಲವರಿಗೆ ಕ್ಯಾನ್ಸರ್ ಹಾಲಿನ ನಾಳದೊಳಗೇ ಇದೆ, ಗೋಡೆ ಒಡೆದು ಹೊರಗೆ ಬಂದಿಲ್ಲ ಎಂದು ಮೊದಲ ಪರೀಕ್ಷೆ ಹೇಳುತ್ತದೆ. ಆದರೆ ಗಡ್ಡೆ ತೆಗೆದು ಪೂರ್ತಿ ಪರೀಕ್ಷಿಸಿದಾಗ ಕೆಲವೊಮ್ಮೆ ಬಂದಿರುವುದು ಗೊತ್ತಾಗುತ್ತದೆ. ಆಗ ಕಂಕುಳು ನೋಡಲೇಬೇಕು. ಆದರೆ ಎದೆಯನ್ನೇ ತೆಗೆದ ಮೇಲೆ ಬಣ್ಣ ಚುಚ್ಚುವುದು ಎಲ್ಲಿಗೆ? ಅದಕ್ಕೇ ಮುಂಜಾಗ್ರತೆಗೆ ಎಂದು ಎಲ್ಲರ ಕಾವಲು ಗ್ರಂಥಿಯನ್ನೂ ಮೊದಲೇ ತೆಗೆಯುತ್ತಿದ್ದರು. ಸ್ವೀಡನ್ನಿನ ಡಾಕ್ಟರುಗಳು ಮೊದಲ ಆಪರೇಷನ್ನಿನಲ್ಲಿ ಕಬ್ಬಿಣದ ಕಣ ಚುಚ್ಚಿಟ್ಟರು, ಕಂಕುಳು ಮುಟ್ಟಲಿಲ್ಲ. ಟೆಕ್ನೀಷಿಯಂ ಒಂದೇ ದಿನಕ್ಕೆ ಆರಿಹೋಗುತ್ತದೆ. ಕಬ್ಬಿಣ ವಾರಗಟ್ಟಲೆ ಅಲ್ಲೇ ಕೂತು ಕಾಯುತ್ತದೆ. ವರದಿ ಬಂದ ಮೇಲೆ ಬೇಕಾದವರಿಗೆ ಮಾತ್ರ ಎರಡನೇ ಆಪರೇಷನ್. ಹೆಚ್ಚಿನವರ ಕಂಕುಳಿಗೆ ಕತ್ತಿಯೇ ತಾಗಲಿಲ್ಲ. ಹಳೆಯ ಉಪಾಯದಲ್ಲಿ ಆಗದೇ ಇದ್ದದ್ದು ಇಲ್ಲಿ ಆಯಿತು, ನೋಡಿ.

ಹುಳುಕೂ ಇದೆ. ಚುಚ್ಚಿದ ಜಾಗದಲ್ಲಿ ಚರ್ಮದ ಮೇಲೆ ಕಂದು ಕಲೆ ಬೀಳುತ್ತದೆ, ಎದೆ ಉಳಿಸಿಕೊಂಡವರಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ಇನ್ನೂ ಜಾಸ್ತಿ ದಿನ ಇರುತ್ತದೆ. ಎರಡನೆಯದು, ಎಂಆರ್‌ಐ. ಕಬ್ಬಿಣ ಕೂತ ಜಾಗ ಎಂಆರ್‌ಐ ಚಿತ್ರದಲ್ಲಿ ಕಪ್ಪು ತೂತಿನ ಹಾಗೆ ಕಾಣುತ್ತದೆ. ಮುಂದೆ ಎದೆಗೆ ಎಂಆರ್‌ಐ ಬೇಕಾಗುವವರಿಗೆ ಇದನ್ನು ಚುಚ್ಚುವ ಮೊದಲು ಎರಡು ಸಲ ಯೋಚಿಸಬೇಕು. ಮೂರನೆಯದು ದುಡ್ಡು. ನಮ್ಮಲ್ಲಿ ಒಂದು ಸೀಸೆ ನೀಲಿ ಬಣ್ಣ ಬಹಳ ಅಗ್ಗ. ಹೊರದೇಶದಿಂದ ಬರುವ ಯಂತ್ರ, ಕಣ ಎರಡೂ ದುಬಾರಿ. ಕಣ ಮಾಡುವುದು ಸುಲಭ ಎಂದೆನಲ್ಲ, ಹಾಗಿದ್ದರೆ ನಾವೇ ಯಾಕೆ ಮಾಡಬಾರದು ಎಂದು ನೀವು ಕೇಳಬಹುದು. ಈ ಸೀಸೆಯ ಕಣ ಪ್ರಯೋಗಕ್ಕೆ ಸರಿ. ಮನುಷ್ಯರಿಗೆ ಚುಚ್ಚುವ ಕಣ ಪ್ರತಿ ಸೀಸೆಯಲ್ಲೂ ಒಂದೇ ಅಳತೆ, ಒಂದೇ ಶುದ್ಧಿ ಇರಬೇಕು. ಆ ಶಿಸ್ತಿನ ಬೆಲೆಯೇ ಬೇರೆ.

ಎಂಆರ್‌ಐ ಕಪ್ಪಾಗುವುದನ್ನೇ ಉಪಯೋಗ ಮಾಡಿಕೊಂಡವರೂ ಇದ್ದಾರೆ. 1996ರಲ್ಲಿ ಅಮೆರಿಕದಲ್ಲಿ ಲಿವರ್ ಪರೀಕ್ಷೆಗೆಂದು ಕಬ್ಬಿಣದ ಕಣದ ಒಂದು ಮದ್ದಿಗೆ ಒಪ್ಪಿಗೆ ಸಿಕ್ಕಿತು. ರಕ್ತಕ್ಕೆ ಹೋದ ಕಣವನ್ನು ಲಿವರಿನ ಕಾವಲು ಕೋಶಗಳು ಕಸ ಎಂದು ತಿಂದುಬಿಡುತ್ತವೆ. ಆರೋಗ್ಯವಾಗಿರುವ ಲಿವರ್ ಕಪ್ಪಾಗುತ್ತದೆ. ಗಡ್ಡೆಯಲ್ಲಿ ತಿನ್ನುವವರು ಇಲ್ಲ, ಅದು ಬೆಳ್ಳಗೆ ಉಳಿಯುತ್ತದೆ. ಊಟ ಮಾಡದವನು ಪಂಕ್ತಿಯಲ್ಲಿ ಎದ್ದು ಕಾಣುವ ಹಾಗೆ. ಮಾರಾಟ ಸಾಲದೆ ಆ ಮದ್ದು ಈಗ ಅಂಗಡಿಯಲ್ಲಿಲ್ಲ. ಆದರೆ ಲಿವರಿನ ಈ ಹಸಿವನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯ ಖಳನಾಯಕ ಅದೇ.

ಅಂದಹಾಗೆ, ಅಯಸ್ಕಾಂತದ ಬಳೆ, ಅಯಸ್ಕಾಂತದ ಹಾಸಿಗೆ ಮಾರಲು ಬರುವವರು ನಿಮ್ಮ ಊರಿಗೂ ಬಂದಿರುತ್ತಾರೆ. ರಕ್ತದಲ್ಲಿ ಕಬ್ಬಿಣ ಇದೆ, ಅಯಸ್ಕಾಂತ ಅದನ್ನು ಎಳೆದು ರಕ್ತ ಚೆನ್ನಾಗಿ ಓಡಿಸುತ್ತದೆ ಎನ್ನುತ್ತಾರೆ. ರಕ್ತದ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣವಲ್ಲ. ಆಮ್ಲಜನಕ ಹೊತ್ತ ರಕ್ತವನ್ನು ಅಯಸ್ಕಾಂತ ತೀರಾ ಸ್ವಲ್ಪವಾದರೂ ದೂರ ತಳ್ಳುತ್ತದೆಯೇ ಹೊರತು ಎಳೆಯುವುದಿಲ್ಲ. ಅಂಟುವ ಹಾಗಿದ್ದರೆ ಎಂಆರ್‌ಐ ಯಂತ್ರದೊಳಗೆ ಹೋದವರ ಗತಿ ಏನಾಗುತ್ತಿತ್ತು ಯೋಚಿಸಿ.

ಈಗ ಚಿಕಿತ್ಸೆ. ಪತ್ರಿಕೆಗಳಲ್ಲಿ ನೀವು ಓದಿರುವುದು ಇದನ್ನೇ: ಕಣವನ್ನು ಗಡ್ಡೆಗೆ ಕಳಿಸಿ, ಹೊರಗಿನಿಂದ ಕಾಂತಕ್ಷೇತ್ರ ಹಾಕಿ, ಗಡ್ಡೆಯನ್ನು ಒಳಗಿಂದೊಳಗೇ ಬೇಯಿಸುವುದು. ಈ ಯೋಚನೆ ಹೊಸದಲ್ಲ. 1957ರಲ್ಲೇ ಅಮೆರಿಕದ ಸರ್ಜನ್ ಗಿಲ್‌ಕ್ರಿಸ್ಟ್ ಮತ್ತು ಜೊತೆಯವರು ನಾಯಿಗಳ ದುಗ್ಧಗ್ರಂಥಿಗೆ ಕಬ್ಬಿಣದ ಆಕ್ಸೈಡ್ ಕಣ ಸೇರಿಸಿ, ಕ್ಷೇತ್ರ ಹಾಯಿಸಿ ಬಿಸಿ ಮಾಡಿ ತೋರಿಸಿದ್ದರು. ಅವರೂ ಕಣ ಕಳಿಸಿದ್ದು ದುಗ್ಧರಸದ ದಾರಿಯಲ್ಲೇ, ಗಮನಿಸಿ.

ಕ್ಷೇತ್ರದ ದಿಕ್ಕನ್ನು ಸೆಕೆಂಡಿಗೆ ಲಕ್ಷ ಸಲ ಆ ಕಡೆ ಈ ಕಡೆ ತಿರುಗಿಸಿದರೆ ಕಣದ ಕಾಂತತೆಯೂ ಹಿಂದೆ ಹಿಂದೆ ತಿರುಗುತ್ತದೆ. ಆದರೆ ಪ್ರತಿ ಸಲ ಸ್ವಲ್ಪ ತಡ. ಆ ತಡವೇ ಬಿಸಿಯಾಗುತ್ತದೆ. ಗಡ್ಡೆಯನ್ನು 42ರಿಂದ 45 ಡಿಗ್ರಿಗೆ ಏರಿಸಿದರೂ ಸಾಕು. ಆ ಬಿಸಿಯಲ್ಲಿ ಕ್ಯಾನ್ಸರ್ ಕೋಶ ರೇಡಿಯೇಷನ್ನಿನಿಂದಾದ ಪೆಟ್ಟನ್ನು ರಿಪೇರಿ ಮಾಡಿಕೊಳ್ಳಲು ತಡವರಿಸುತ್ತದೆ. ಬಿಸಿಗೆ ಈ ಶಕ್ತಿ ಇರುವುದು ನಿಜ. 1996ರಲ್ಲಿ ಐದು ಪರೀಕ್ಷೆಗಳ 306 ಸ್ತನ ಕ್ಯಾನ್ಸರ್ ರೋಗಿಗಳ ಲೆಕ್ಕ ಒಟ್ಟುಗೂಡಿಸಿದರು. ರೇಡಿಯೇಷನ್ ಒಂದೇ ಕೊಟ್ಟಾಗ 41 ಪ್ರತಿಶತ ಮಂದಿಯಲ್ಲಿ ಆ ಜಾಗದ ಗಡ್ಡೆ ಪೂರ್ತಿ ಕರಗಿತ್ತು, ಜೊತೆಗೆ ಬಿಸಿ ಕೊಟ್ಟಾಗ 59. ಆ ಬಿಸಿ ಕೊಟ್ಟದ್ದು ಕಣಗಳಲ್ಲ, ಹೊರಗಿನ ಯಂತ್ರಗಳು. ಅಂದರೆ ಒಲೆ ಸರಿಯಿದೆ. ಸೌದೆ ಒಯ್ದು ಹಾಕುವುದು ಹೇಗೆ ಎಂಬುದಷ್ಟೇ ಪ್ರಶ್ನೆ.

ಆ "ಅಷ್ಟೇ" ಎಷ್ಟು ದೊಡ್ಡದು ಗೊತ್ತೇ? ಟೊರಾಂಟೊ ವಿಶ್ವವಿದ್ಯಾಲಯದವರು 2016ರಲ್ಲಿ ಹಿಂದಿನ ಹತ್ತು ವರ್ಷದ ಪ್ರಯೋಗಗಳನ್ನು ಗುಡ್ಡೆ ಹಾಕಿ ಲೆಕ್ಕ ನೋಡಿದರು. ರಕ್ತಕ್ಕೆ 1,000 ನ್ಯಾನೋ ಕಣ ಬಿಟ್ಟರೆ ಗಡ್ಡೆ ತಲುಪುವುದು ಸುಮಾರು 7. ಉಳಿದದ್ದರಲ್ಲಿ ದೊಡ್ಡ ಪಾಲು ಲಿವರ್ ಮತ್ತು ಗುಲ್ಮದ ಹೊಟ್ಟೆಗೆ. ಒಂದೆರಡು ಕಣದಿಂದ ಕೋಶ ಬೇಯುವುದೂ ಇಲ್ಲ. ಸುತ್ತಲಿನ ನೀರು ಬಿಸಿಯನ್ನು ಕೂಡಲೇ ಎಳೆದುಕೊಳ್ಳುತ್ತದೆ. ಒಂದು ಕೆಂಡದಿಂದ ಹಂಡೆ ನೀರು ಕಾಯಿಸಿದ ಹಾಗೆ. ಕ್ಷೇತ್ರದ ಬಲ ಏರಿಸೋಣ ಎಂದರೆ ರೋಗಿಯ ಮೈಯೇ ಬಿಸಿಯಾಗಲು ಶುರುವಾಗುತ್ತದೆ.

ಬರ್ಲಿನ್ನಿನ ಆಂಡ್ರಿಯಾಸ್ ಯೋರ್ಡಾನ್ ಮತ್ತು ಜೊತೆಯವರು ಇದಕ್ಕೆ ನೇರವಾದ ದಾರಿ ಹಿಡಿದರು. ರಕ್ತದ ಸಹವಾಸವೇ ಬೇಡ, ಸೂಜಿಯಿಂದ ಗಡ್ಡೆಯೊಳಗೇ ಕಣ ಚುಚ್ಚಿದರು. ಆದರೆ ಅದು ಮೆದುಳಿನ ಗಡ್ಡೆಗೆ. ಮರುಕಳಿಸಿದ 59 ರೋಗಿಗಳಲ್ಲಿ ಪ್ರಯೋಗ ಮಾಡಿ, 2010ರಲ್ಲಿ ಯುರೋಪಿನ ಒಪ್ಪಿಗೆಯನ್ನೂ ಪಡೆದರು. ಹತ್ತಿರದಲ್ಲಿ ಲೋಹ ಇರಬಾರದು ಎಂದು ರೋಗಿಯ ಹಲ್ಲಿನಲ್ಲಿ ತುಂಬಿದ ಲೋಹವನ್ನೂ ತೆಗೆಯಬೇಕಿತ್ತು. ಸ್ತನ ಕ್ಯಾನ್ಸರಿಗೆ ಕಣದ ಬಿಸಿ ಇನ್ನೂ ಆಸ್ಪತ್ರೆಯ ದಿನನಿತ್ಯದ ಚಿಕಿತ್ಸೆಯಾಗಿಲ್ಲ. ಯಾರಾದರೂ ಇದೆ ಎಂದು ದುಡ್ಡು ಕೇಳಿದರೆ ಕೊಡಬೇಡಿ.

ಕಣಕ್ಕೆ ವಿಳಾಸ ಅಂಟಿಸಿ ಕಳಿಸಬಹುದಲ್ಲ ಎಂದು ಕೇಳುತ್ತೀರಿ. ಕೆಲವು ಸ್ತನ ಕ್ಯಾನ್ಸರ್ ಕೋಶಗಳ ಮೈಮೇಲೆ ಹರ್-2 ಎಂಬ ಪ್ರೋಟೀನ್ ದಟ್ಟವಾಗಿರುತ್ತದೆ. ಅದನ್ನೇ ಹುಡುಕಿ ಅಂಟುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧ 1998ರಿಂದಲೇ ಇದೆ. ಅದನ್ನು ಕಣಕ್ಕೆ ಹಚ್ಚಿದರೆ ಕಣ ತಾನಾಗಿ ಮನೆ ಹುಡುಕಬೇಕು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ಇಲಿಗಳಲ್ಲಿ ಇದನ್ನು ಹಟ ಹಿಡಿದು ಪರೀಕ್ಷಿಸಿ 2020ರಲ್ಲಿ ಬರೆದರು. ಔಷಧ ಹಚ್ಚಿದ ಕಣ ಗಡ್ಡೆಯಲ್ಲಿ ಉಳಿಯಿತು, ನಿಜ. ಆದರೆ ಹರ್-2 ಇಲ್ಲದ ಗಡ್ಡೆಯಲ್ಲೂ ಉಳಿಯಿತು! ವಿಳಾಸ ಓದಿದವರೇ ಇರಲಿಲ್ಲ. ಗಡ್ಡೆಯೊಳಗಿದ್ದ ಮೈಕಾವಲಿನ, ಅಂದರೆ ರೋಗದ ವಿರುದ್ಧ ಹೋರಾಡುವ, ಕೋಶಗಳು ಕಣಗಳನ್ನು ಹಿಡಿದು ಇಟ್ಟುಕೊಂಡಿದ್ದವು. ಇನ್ನೂ ಬೆರಗಿನ ಮಾತು: ಬಿಸಿ ಮಾಡದೆ ಇದ್ದರೂ ಆ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ಕುಂದಿತು. ಕಣ ಕಂಡು ಎಚ್ಚೆತ್ತ ಮೈಕಾವಲು ಗಡ್ಡೆಯ ಮೇಲೂ ಬಿದ್ದಿತ್ತು. ಬೇರೆ ಯಾರಾದರೂ ಆಗಿದ್ದರೆ ಪ್ರಯೋಗ ಕೆಟ್ಟಿತು ಎಂದು ಬಿಟ್ಟುಬಿಡುತ್ತಿದ್ದರೇನೋ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಅದೇ ವರ್ಷ ಇಂಥದ್ದೇ ಒಂದು ಬೆರಗು. ಅಂಬರೀಶ್ ಘೋಷ್ ಅವರ ತಂಡ ತಿರುಪು ಮೊಳೆಯ ಆಕಾರದ ಸೂಕ್ಷ್ಮ ಈಜುಗಾರರನ್ನು ಮಾಡಿದೆ. ಕಾಂತಕ್ಷೇತ್ರ ಸುತ್ತಿಸಿದರೆ ಅವು ಕೊರೆದುಕೊಂಡು ಮುಂದೆ ಹೋಗುತ್ತವೆ. ಜೀವವಿಜ್ಞಾನಿಗಳ ಜೊತೆ ಸೇರಿ, ಸ್ತನ ಕ್ಯಾನ್ಸರಿನ ಪರಿಸರವನ್ನು ಹೋಲುವ ಕೋಶಗಳ ತಾಣದಲ್ಲಿ ಇವನ್ನು ಓಡಿಸಿದರು. ಕ್ಯಾನ್ಸರ್ ಕೋಶದ ಹತ್ತಿರ ಹೋದಾಗ ಅವು ಅಂಟಿಕೊಂಡು ನಿಲ್ಲತೊಡಗಿದವು. ಯಾವ ವಿಳಾಸವನ್ನೂ ಹಚ್ಚಿರಲಿಲ್ಲ. ಕ್ಯಾನ್ಸರ್ ಕೋಶಗಳು ಸುತ್ತಲಿನ ಜಾಗದಲ್ಲಿ ಬಿಟ್ಟ ಒಂದು ಬಗೆಯ ಸಕ್ಕರೆಯಿಂದ ಅಲ್ಲಿನ ವಿದ್ಯುದಾವೇಶ ಬದಲಾಗಿತ್ತು, ಅದಕ್ಕೇ ಅಂಟು. ಇದು ತಟ್ಟೆಯಲ್ಲಿ ನಡೆದದ್ದು, ಮನುಷ್ಯರಲ್ಲಿ ಅಲ್ಲ.

ಈ ಎಲ್ಲ ಕಥೆಗಳನ್ನು ಪಕ್ಕಪಕ್ಕ ಇಟ್ಟಾಗ ನನಗೆ ಕಾಣುವುದು ಇದು. ನಾವು ಬೇಕೆಂದ ಕಡೆ ಕಣ ಹೋಗುವುದಿಲ್ಲ, ಮೈ ಕಳಿಸಿದ ಕಡೆ ಹೋಗುತ್ತದೆ. ಕಂಕುಳಿನ ಕೆಲಸ ಗೆದ್ದದ್ದು ಯಾಕೆ? ಅಲ್ಲಿ ಕಣವನ್ನು ಯಾರೂ ಓಡಿಸಲಿಲ್ಲ, ಎದೆಯ ನೀರು ಹರಿಯುವ ದಾರಿಗೆ ಬಿಟ್ಟರು. ಬಿಸಿಯ ಕೆಲಸ ಕುಂಟುತ್ತಿರುವುದು ಲಿವರಿನ ಜೊತೆ ಜಗಳಕ್ಕೆ ನಿಂತದ್ದರಿಂದ. ನನ್ನ ಗೆಳೆಯರು ಕೆಲವರು ಇದನ್ನು ಒಪ್ಪುವುದಿಲ್ಲ, ಇನ್ನೂ ಒಳ್ಳೆಯ ಅಂಗಿ ಹೊಲಿದರೆ ಕಣ ಲಿವರಿನ ಕಣ್ಣು ತಪ್ಪಿಸುತ್ತದೆ ಎನ್ನುತ್ತಾರೆ. ಹೊಲಿಯಲಿ, ನೋಡೋಣ.

ಚುಚ್ಚಿದ ಕಬ್ಬಿಣ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಈಗ ಚೀಟಿ ಬಂದಿದೆ. ಒಳ್ಳೆಯ ಪ್ರಶ್ನೆ. ಮೈ ಅದನ್ನು ನಿಧಾನವಾಗಿ ಕರಗಿಸಿ ತನ್ನ ಕಬ್ಬಿಣದ ಉಗ್ರಾಣಕ್ಕೆ ಸೇರಿಸಿಕೊಳ್ಳುತ್ತದೆ, ಅದರಿಂದ ಹೊಸ ರಕ್ತ ಮಾಡುತ್ತದೆ. ಫೆರುಮಾಕ್ಸಿಟಾಲ್ ಎಂಬ ಕಬ್ಬಿಣದ ನ್ಯಾನೋ ಕಣಕ್ಕೆ ಅಮೆರಿಕದಲ್ಲಿ 2009ರಲ್ಲಿ ಒಪ್ಪಿಗೆ ಸಿಕ್ಕಿದ್ದೇ ಕಿಡ್ನಿ ರೋಗಿಗಳ ರಕ್ತಹೀನತೆಯ ಮದ್ದಾಗಿ. ಕೆಲವರಿಗೆ ಜೋರಾದ ಅಲರ್ಜಿ ಆಗಬಹುದು, ಅದಕ್ಕೆ ಆಸ್ಪತ್ರೆಯಲ್ಲೇ, ನಿಧಾನವಾಗಿ ಕೊಡುತ್ತಾರೆ.

ಚಿಕ್ಕಮ್ಮನಿಗೂ ಒಂದು ದಿನ ಈ ಕಡ್ಡಿಯ ಕಥೆ ಹೇಳಿದೆ. ಪೂರ್ತಿ ಕೇಳಿದರು. "ಒಂದೇ ಗಂಟು ತೆಗೆದ್ರೆ ಸಾಕಿತ್ತಾ?" ಎಂದರು. ನಿಮ್ಮ ಗಂಟಿನಲ್ಲಿ ಏನಿತ್ತೋ ಗೊತ್ತಿಲ್ಲ ಚಿಕ್ಕಮ್ಮ, ಆಗ ನೋಡುವ ಉಪಾಯ ಆ ಆಸ್ಪತ್ರೆಯಲ್ಲಿ ಇರಲಿಲ್ಲ ಎಂದೆ. ಅವರು ಸೆರಗಿನಿಂದ ಕೈ ಮುಚ್ಚಿಕೊಂಡು ಕಾಫಿ ಮಾಡಲು ಒಳಗೆ ಹೋದರು.

ಸೀಸೆ ಈಗ ಯಾರ ಹತ್ತಿರ ಇದೆ? ಹಿಂದಿನ ಸಾಲಾ? ಅಯ್ಯೋ, ಮುಚ್ಚಳ ತೆಗೆದುಬಿಟ್ಟಿರಾ. ಬಿಳಿ ಅಂಗಿ ಬೇರೆ. ಆ ಕಲೆ ಹೋಗುವುದಿಲ್ಲಪ್ಪ.